ಗೋದಾಮಿನಲ್ಲಿ ಹೊಸಬರಿಗೆ ದಾರಿ ಬಿಟ್ಟವರಿಗೆ

ಹೂಮಳೆ ಬಿದ್ದಾಯಿತು. ರೊಬಸ್ಟಾ ಕೊಯ್ಲಿನ ಕಾಫಿಯೂ ಬಹುಪಾಲು ಗೋದಾಮು ಸೇರಿದೆ. ಕೊಡಗಿನ ಸುಗ್ಗಿಹಬ್ಬ ಹುತ್ತರಿ ಕಳೆದ ಮೇಲೆ ಕೂಡ್ಲೂರಿನ ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ) ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಹತ್ತಿದ ಹೊಸಬರೆಲ್ಲ ಈಗ ತಾವೇ ಲೋಡು ಎತ್ತಿ ಇಳಿಸುತ್ತಿದ್ದಾರೆ. ಯಾರ ಕಾಲಿಗೂ ಪೆಟ್ಟಾಗಿಲ್ಲ. ಹೊಸಬರಿಗೆ ಕಲಿಸಿದ ನಾವು ಇದಕ್ಕಾಗಿ ಯಾರ್ಯಾರಿಗೆ ಋಣಿಗಳು ಎಂಬುದನ್ನು ಹೆಸರು ಹಿಡಿಯದಿದ್ದರೂ ಕೆಲಸ ಹಿಡಿದು ಹೇಳಲೇಬೇಕು. ಹೆದರಿದ ಕೈಗೆ ಧೈರ್ಯದ ಮಾತಿಗಿಂತ ಜಾಗ ಬೇಕು, ಹೊತ್ತು ಬೇಕು. ಸೀಸನ್ನಿನ ನೂಕುನುಗ್ಗಲಿನಲ್ಲೂ ಅವೆರಡನ್ನೂ ಕೊಟ್ಟವರು ನೀವು.

ಮೊದಲು ಲೋಡಿಂಗ್ ಅಣ್ಣಂದಿರಿಗೆ. ಎರಡು ಟನ್ ಎತ್ತುವ ಗಾಡಿಯ ಸ್ವಂತ ತೂಕವೇ 3 ಟನ್ನಿಗೂ ಮೇಲೆ. ಅದರಲ್ಲಿ ತಿರುಗುವುದು ಹಿಂದಿನ ಚಕ್ರ. ತೋಟದಲ್ಲಿ ಜೀಪು ಓಡಿಸಿ ಪಳಗಿದವರಿಗೇ ಇದು ಹೆಚ್ಚು ಗಲಿಬಿಲಿ. ಸ್ಟೀರಿಂಗ್ ಬಲಕ್ಕೆ ತಿರುಗಿಸಿದ ಕೂಡಲೇ ಗಾಡಿಯ ಬಾಲ ಎಡಕ್ಕೆ ಬೀಸುತ್ತದೆ. ಜೀಪಿನಂತೆ ಮೂಲೆಯಿಂದ ದೂರ ಹಿಡಿದು ತಿರುಗಿಸಿದರೆ ಬಾಲ ಹೋಗಿ ಚೀಲದ ಅಟ್ಟಿಗೆ ಬಡಿಯುತ್ತದೆ. ಒಳಮೂಲೆಗೆ ಹತ್ತಿರ ಹೋಗಿ, ಮುಂದಿನ ಚಕ್ರ ಮೂಲೆಗೆ ಬಂದ ಮೇಲೆ ತಿರುಗಿಸಬೇಕು. ಇದು ಕೈಗೆ ಕೂರಲೆಂದು ಮೊದಲ ವಾರವೆಲ್ಲ ಖಾಲಿ ಪ್ಯಾಲೆಟ್ (ಚೀಲ ಪೇರಿಸುವ ಹಲಗೆ) ಹೊತ್ತು ಸುತ್ತಿದವರನ್ನು ನೀವು ಮೂರು ಮೀಟರ್ ಆಚೆ ನಿಂತು, ಒಂದು ಸಲವೂ ಬೇಗ ಬೇಗ ಅನ್ನದೆ ಕಾದಿರಿ.

ಅಭ್ಯಾಸದ ಲೋಡು ಕಟ್ಟಿಕೊಟ್ಟವರೂ ನೀವೇ. 60 ಕೆ.ಜಿ.ಯ ಗೋಣಿಚೀಲ ವರಸೆಗೆ ಐದು, ನಾಲ್ಕು ವರಸೆ, ಒಟ್ಟು 1,200 ಕೆ.ಜಿ. ಕೆಳವರಸೆಯ ಸಂದಿನ ಮೇಲೆ ಮೇಲಿನ ಚೀಲ, ಹೊಲಿದ ಬಾಯಿ ಒಳಮುಖ. ಬಾಯಿ ಹೊರಗಿದ್ದು ಹೊಲಿಗೆ ಬಿಟ್ಟರೆ ಬೀಜ ನೆಲಕ್ಕೆ ಚೆಲ್ಲಿ, ಟಯರಿನಡಿ ಉರುಳಿ, ಬ್ರೇಕು ಹಿಡಿಯಲು ಬಿಡುವುದಿಲ್ಲ. ಚೆಲ್ಲಿದ ಹಿಡಿ ಬೀಜವನ್ನೂ ಆಗಿಂದಾಗಲೇ ಗುಡಿಸಿದ ಅಕ್ಕಂದಿರು ಎಷ್ಟು ದೊಡ್ಡ ಕೆಲಸ ಮಾಡಿದರೆಂದು ಗಾಡಿ ಮೇಲೆ ಕೂತವರಿಗೇ ಗೊತ್ತು.

ಲೋಡು ಎತ್ತುವ ಕಬ್ಬಿಣದ ತೋಳು, ಅಂದರೆ ಫೋರ್ಕಿನ ಮೇಲೆ ಹಳದಿ ಗೆರೆ ಎಳೆದ, ಗೋದಾಮಿನ ಲೆಕ್ಕ ಬರೆಯುವ ರೈಟರಿಗೆ ವಿಶೇಷ ವಂದನೆ. ಪ್ಯಾಲೆಟ್ಟಿನ ಆಳ 1,000 ಮಿ.ಮೀ., ಫೋರ್ಕಿನ ಉದ್ದ 1,070. ಬುಡದವರೆಗೆ ತೂರಿಸಿದರೆ ತುದಿ 70 ಮಿ.ಮೀ. ಆಚೆ ಹೊರಟು ಹಿಂದಿನ ಅಟ್ಟಿಯ ಚೀಲಕ್ಕೆ ಚುಚ್ಚುತ್ತದೆ. ಆ ಹೆದರಿಕೆಗೆ ಹೊಸಬರು ಅರ್ಧ ತೂರಿಸಿಯೇ ಎತ್ತುತ್ತಾರೆ. ಅದು ಇನ್ನೂ ಕೆಟ್ಟದ್ದು. ಗಾಡಿಯ ಫಲಕದಲ್ಲಿ ಬರೆದ 2,000 ಕೆ.ಜಿ. ಎಂಬುದು ಭಾರದ ನಡು ಫೋರ್ಕಿನ ಬುಡದಿಂದ 500 ಮಿ.ಮೀ. ಒಳಗಿದ್ದರೆ ಮಾತ್ರ, ಭಾರ ಮುಂದಕ್ಕೆ ಸರಿದಷ್ಟೂ ಹಿಂದಿನ ಚಕ್ರ ಹಗುರಾಗುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಗಾಡಿ ಮಾತು ಕೇಳದಿರುವುದೇ ಅದರ ಮೊದಲ ಗುರುತು. ಆಗ ನಿಲ್ಲಿಸಿ ಮೆಲ್ಲಗೆ ಇಳಿಸಬೇಕು.

ರೈಟರ್ ಬುಡದಿಂದ 70 ಮಿ.ಮೀ.ಗೆ ಗೆರೆ ಹಾಕಿಕೊಟ್ಟ ಮೇಲೆ ಕ್ರಮ ಸಲೀಸಾಯಿತು. ಪ್ಯಾಲೆಟ್ಟಿಗೆ ಒಂದಡಿ ಮೊದಲೇ ನಿಲ್ಲುವುದು, ಮಾಸ್ಟ್ (ಫೋರ್ಕು ಏರಿಳಿಯುವ ಮುಂದಿನ ಕಂಬ) ನೆಟ್ಟಗೆ ಮಾಡುವುದು, ಗೆರೆಯವರೆಗೆ ತೂರಿಸಿ ನಾಲ್ಕು ಬೆರಳು ಎತ್ತುವುದು, ಗೇಣುದ್ದ ಹಿಂದೆ ಬಂದು ಇಳಿಸುವುದು. ಈಗ ಪ್ಯಾಲೆಟ್ಟಿನ ಹಿಂದೆ ಜಾಗ ಉಂಟು. ಬುಡದವರೆಗೆ ತೂರಿಸಿ, ಎತ್ತಿ, ಮಾಸ್ಟನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಫೋರ್ಕನ್ನು ನೆಲದಿಂದ 15–20 ಸೆಂ.ಮೀ. ಎತ್ತರದಲ್ಲಿಟ್ಟುಕೊಂಡು ಹೊರಡುವುದು. ಆ ಒಂದು ಗೆರೆ, ಹರಿದ ಚೀಲಗಳ ಲೆಕ್ಕವನ್ನೇ ಬದಲಿಸಿತು.

ಮಂಗಳೂರು ಬಂದರಿಗೆ ಹೋಗುವ ಕಂಟೇನರ್ ಲಾರಿಗಳ ಚಾಲಕರೇ, ನೀವು ಚಕ್ರಕ್ಕೆ ಮರದ ಅಡೆ ಕೊಟ್ಟು, ಕೀಲಿ ಕೈಯಲ್ಲಿ ಹಿಡಿದು ಕೆಳಗಿಳಿದು ನಿಂತಿರಿ. ಫೋರ್ಕ್‌ಲಿಫ್ಟ್ ಕಂಟೇನರಿನ ಒಳಗೆ ಹೋಗಿ ಬ್ರೇಕು ಹಾಕಿದಾಗಲೆಲ್ಲ ಲಾರಿ ಇಷ್ಟಿಷ್ಟೇ ಮುಂದೆ ಸರಿಯುತ್ತದೆ, ಗೋದಾಮಿಗೂ ಲಾರಿಗೂ ನಡುವೆ ಹಾಕಿದ ದಾಟುಹಲಗೆಯ ಅಂಚು ಜಾರುತ್ತದೆ. ಅಡೆ ಇದ್ದದ್ದರಿಂದ ಹೊಸಬರ ಕಣ್ಣು ಹಲಗೆಯ ಮೇಲಲ್ಲ, ಲೋಡಿನ ಮೇಲಿತ್ತು. ರ‍್ಯಾಂಪಿನಲ್ಲಿ ಲೋಡಿದ್ದಾಗ ಲೋಡು ಏರಿನ ಕಡೆಗೇ ಇರಬೇಕು, ಅಂದರೆ ಇಳಿಯುವುದು ರಿವರ್ಸಿನಲ್ಲೇ. ಖಾಲಿ ಇದ್ದರೆ ಫೋರ್ಕು ಇಳಿಜಾರಿನ ಕಡೆಗೆ. ಹೀಗೆ ಹಿಮ್ಮುಖವಾಗಿ ಇಳಿಯುವಾಗ ಹೊಸಬರು ಎಷ್ಟು ಹೊತ್ತು ಹಿಡಿದರೂ ನಿಮ್ಮಲ್ಲಿ ಯಾರೂ ಹಾರನ್ ಹೊಡೆಯಲಿಲ್ಲ.

ಮೆಕ್ಯಾನಿಕ್ ಅಣ್ಣ ದಿನಾ ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಬಂದು ಜೊತೆ ನಿಂತರು. ಫೋರ್ಕು ಎತ್ತುವ ಸರಪಳಿ ಎರಡೂ ಕಡೆ ಒಂದೇ ಬಿಗಿ ಇದೆಯೇ, ಎಣ್ಣೆ ಜಿನುಗಿದೆಯೇ, ಫೋರ್ಕಿನ ಬುಡ ಸವೆದಿದೆಯೇ ಎಂದು ಬೆರಳಿಟ್ಟು ತೋರಿಸಿದರು. ದಪ್ಪ ಹತ್ತನೇ ಒಂದು ಪಾಲು ಸವೆದರೆ ಆ ಫೋರ್ಕು ಕೆಲಸಕ್ಕಿಲ್ಲ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ದ್ರವ ಉಬ್ಬಿ ಆಸಿಡ್ ಹೊರಗೆ ಹರಿಯುತ್ತದೆ. ಸೀಟ್ ಬೆಲ್ಟಿನ ವಿಷಯದಲ್ಲಿ ಅವರು ಬಿಟ್ಟುಕೊಡಲೇ ಇಲ್ಲ, ಅದು ನಮಗೆ ಬಹಳ ಸಮಾಧಾನ. ಗಾಡಿ ಮಗುಚುವಾಗ ಹಾರಿದವರ ಮೇಲೆಯೇ ಮೇಲ್ಛಾವಣಿಯ ಕಂಬಿ ಬೀಳುತ್ತದೆ. ಬೆಲ್ಟ್ ಹಾಕಿ ಕೂತು, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಬೀಳುವ ಕಡೆಗೆ ವಿರುದ್ಧವಾಗಿ ಮೈ ವಾಲಿಸಬೇಕು.

ಕಲಿತ ತಮ್ಮಂದಿರೇ, ತಂಗಿಯರೇ, ಮಾಸ್ಟ್ ಮೇಲಿರುವಾಗ ಕೈ ನಡುಗಿದರೆ ಲಿವರ್ ಬಿಟ್ಟು, ನಿಲ್ಲಿಸಿ, ಕೇಳಿದಿರಿ. ಹಾಗೆ ಕೇಳಿದ್ದಕ್ಕೆ ನಿಮಗೂ ವಂದನೆ.

ಬೀಜ ಆರಿಸುವ ಅಕ್ಕಂದಿರಿಗೆ ವಂದನೆಯ ಜೊತೆ ಒಂದು ಕೋರಿಕೆಯೂ ಇದೆ. ಗಾಡಿಯ ದಾರಿ ಬಿಟ್ಟು, ಟೀ ಹೊತ್ತಿನಲ್ಲೂ ಗೋಡೆ ಬಳಸಿ ಸುತ್ತುದಾರಿಯಲ್ಲೇ ಹೋಗಿಬಂದಿರಿ. ಜೂನ್ ಮಳೆ ಹಿಡಿದರೆ ಅಂಗಳದ ನೀರು ಟಯರಿಗಂಟಿ ಒಳಗೆ ಬರುತ್ತದೆ, ಒದ್ದೆ ಸಿಮೆಂಟಿನ ಮೇಲೆ ಗಾಡಿ ನಿಲ್ಲಲು ಇನ್ನೂ ದೂರ ಬೇಕು. ದಯವಿಟ್ಟು ಮಳೆಗಾಲ ಮುಗಿಯುವವರೆಗೆ ಅದೇ ಸುತ್ತುದಾರಿಯಲ್ಲಿ ನಡೆಯಿರಿ. ಅಲ್ಲಿಗೆ ಹೆಚ್ಚಿನ ದೀಪ ಹಾಕಿಸುವ ಕೆಲಸ ನಮ್ಮದು.