ಭಾನುವಾರದ ಚರ್ಚೆ: ಬರುವವರು ತಿಳಿಸಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 4ಕ್ಕೆ ಬದಿಯಡ್ಕದ ನಮ್ಮ ವಾಚನಾಲಯದಲ್ಲಿ ತಿಂಗಳ ಚರ್ಚೆ. ವಿಷಯ: ಸರ್ವಾಧಿಕಾರಿ ಸರ್ಕಾರಗಳು ಬೇರೆ ದೇಶದ ಚುನಾವಣೆಗೆ ಕೈ ಹಾಕುವುದು.

"ನಮಗೆಂತಕ್ಕೆ ಇದು ಮಾರಾಯ್ರೆ?" ಅಂತ ಇಬ್ಬರು ಕೇಳಿದರು. ಒಂದು ಕತೆ ಹೇಳ್ತೇನೆ. 2016ರ ಮೇ ತಿಂಗಳಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಒಂದು ಇಸ್ಲಾಮಿಕ್ ಕೇಂದ್ರದ ಎದುರು ಎರಡು ಗುಂಪುಗಳು ಮುಖಾಮುಖಿ ನಿಂತವು. ಒಂದು ವಿರೋಧಿಸಲು, ಇನ್ನೊಂದು ಬೆಂಬಲಿಸಲು. ಎರಡನ್ನೂ ಕರೆದದ್ದು ಫೇಸ್‌ಬುಕ್ ಪುಟಗಳು. ಆ ಎರಡೂ ಪುಟಗಳನ್ನು ನಡೆಸುತ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದೇ ಸಂಸ್ಥೆ, ಅಲ್ಲಿನ ಸರ್ಕಾರದ ಪರವಾಗಿ ಸುಳ್ಳು ಖಾತೆಗಳನ್ನು ನಡೆಸುತ್ತಿದ್ದ ಇಂಟರ್ನೆಟ್ ರಿಸರ್ಚ್ ಏಜೆನ್ಸಿ! ಕನ್ನಡ, ಮಲಯಾಳ ಅಂತ ಯಾರೋ ದೂರದಲ್ಲಿ ಕೂತು ಕಡ್ಡಿ ಗೀರಿದರೆ ನಮಗೆ ಗೊತ್ತಾಗುತ್ತದಾ?

ರೊಮೇನಿಯಾದಲ್ಲಂತೂ ಇಂಥದೇ ಕೈವಾಡದ ಅನುಮಾನ ಎದ್ದ ಮೇಲೆ 2024ರ ಡಿಸೆಂಬರ್ 6ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಅಧ್ಯಕ್ಷ ಚುನಾವಣೆಯನ್ನೇ ರದ್ದು ಮಾಡಿತು. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟ ಹಾಗಾಯಿತು ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಬಂದು ಜಗಳ ಆಡಿ.

ಬರುವಾಗ ನಿಮ್ಮ ಫೋನಿಗೆ ಬಂದ ಅನುಮಾನದ ಫಾರ್ವರ್ಡ್ ಒಂದನ್ನು ತೋರಿಸಲು ಇಟ್ಟುಕೊಳ್ಳಿ. ದಯವಿಟ್ಟು ಇಲ್ಲಿ ಮಾತ್ರ ಹಾಕಬೇಡಿ, ಸುಮ್ನೆ ಮತ್ತೆ ನಾಲ್ಕು ಕಡೆ ಹೋಗುತ್ತದೆ. ಪೆರ್ಲ, ನೀರ್ಚಾಲು ಕಡೆಯವರಿಗೆ ಬಸ್ಸು ತಪ್ಪದ ಹಾಗೆ 6ಕ್ಕೆ ಮುಗಿಸುತ್ತೇವೆ. ಮಲಯಾಳದ ಗೆಳೆಯರನ್ನೂ ಕರೆದುಕೊಂಡು ಬನ್ನಿ.

ಶುಕ್ರವಾರ ರಾತ್ರಿಯ ಒಳಗೆ ಇಲ್ಲಿ "ಬರ್ತೇನೆ" ಅಂತ ಹಾಕಿ. ಹೆಬ್ಬೆರಳಿನ ಗುರುತು ಸಾಲದು, ಹೋದ ಸಲ ಅದನ್ನೇ ನಂಬಿ ಗೋಳಿಬಜೆ ಜಾಸ್ತಿ ಆಯಿತು.