ಮುಚ್ಚಳ ಎಲ್ಲಿದೆ, ಶಾಸಕರೇ?

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ. ಓಟು ಕೇಳಲು ಬಂದಾಗ ನೀವು ನಮ್ಮ ಗೇಟಿನ ಮುಂದೆಯೇ ನಿಂತು ಮಾತಾಡಿದ್ದಿರಿ. ಆಗ ನಿಮ್ಮ ಕಾಲ ಹತ್ತಿರ ಒಂದು ಮ್ಯಾನ್‌ಹೋಲ್ ಮುಚ್ಚಳ ಇತ್ತು. ಈಗ ಅದು ಕಾಣುವುದಿಲ್ಲ. ಈ ಪತ್ರ ಅದರ ಬಗ್ಗೆ.

ಮೊನ್ನೆ ಚಿತ್ತೆ ಮಳೆ ಜೋರಾಗಿ ಸುರಿದ ರಾತ್ರಿ ನಮ್ಮ ಬಚ್ಚಲಿನ ಜಾಲರಿಯಿಂದ ಗುಳುಗುಳು ಸದ್ದು ಬಂತು. ನೋಡನೋಡುತ್ತಿದ್ದಂತೆ ಕಪ್ಪು ನೀರು ಮೇಲೆದ್ದು, ಹೊಸಿಲು ದಾಟಿ ಅಡುಗೆಮನೆಗೆ ನುಗ್ಗಿತು. ನಮ್ಮದು 30×40 ಸೈಟು, ನಾವಿರುವುದು ಕೆಳಗಿನ ಮನೆಯಲ್ಲಿ. ಅತ್ತೆಯವರಿಗೆ 78 ವರ್ಷ. ಅವರನ್ನು ಮಂಚದ ಮೇಲೆ ಕೂರಿಸಿ, ಮೇಲಿನ ಬಾಡಿಗೆಯವರಿಗೆ "ನಲ್ಲಿ ಬಿಡಬೇಡಿ" ಎಂದು ಕೂಗಿ, ಹಳೇ ಸೀರೆಗಳನ್ನು ಬಾಗಿಲಿಗೆ ತುರುಕಿದೆ. ಎಲ್ಲ ನಲ್ಲಿ ನಿಂತರೂ ನೀರು ಏರುತ್ತಲೇ ಇತ್ತು. ಇದು ನಮ್ಮ ಮನೆಯ ನೀರಲ್ಲ ಎಂದು ಆಗಲೇ ಗೊತ್ತಾಯಿತು.

ಬೆಳಿಗ್ಗೆ ಜಲಮಂಡಳಿ ಕಚೇರಿಗೆ ದೂರು ಕೊಟ್ಟರೆ, "ನಿಮ್ಮ ಮನೆ ಪೈಪೇ ಬ್ಲಾಕ್ ಆಗಿರತ್ತೆ ಮೇಡಂ, ಪ್ಲಂಬರ್ ಕರೆಸಿ" ಎಂದರು. ಬಂದು ನೋಡಿ ಹೇಳಿದ ಮಾತಲ್ಲ ಅದು. ಪ್ಲಂಬರ್ ಬಂದು ಕಾಂಪೌಂಡಿನೊಳಗಿನ ಚೇಂಬರ್, ಅಂದರೆ ಮನೆಯ ಕೊಳೆನೀರು ಬೀದಿ ಪೈಪಿಗೆ ಹೋಗುವ ಮುನ್ನ ಬಂದು ಬೀಳುವ ಗುಂಡಿಯ ಕಲ್ಲು ಎತ್ತಿದರು. ಅಂಚಿನವರೆಗೂ ತುಂಬಿತ್ತು. ಚೇಂಬರ್ ಖಾಲಿಯಿದ್ದು ಬಚ್ಚಲು ಕಟ್ಟಿಕೊಂಡರೆ ತೊಂದರೆ ಮನೆಯೊಳಗೆ. ಚೇಂಬರೇ ತುಂಬಿದ್ದರೆ ಅದರಿಂದ ಆಚೆಗೆ. ಅಕ್ಕಪಕ್ಕದ ಎರಡು ಮನೆಯ ಚೇಂಬರೂ ತುಂಬಿದ್ದವು. ಇನ್ನೇನು ಸಾಕ್ಷಿ ಬೇಕು?

ಚೇಂಬರಿನಿಂದ ನಾಲ್ಕೇ ಅಡಿ ದೂರಕ್ಕೆ ನಮ್ಮ ಸಂಪು. ಸಣ್ಣ ಸೈಟುಗಳಲ್ಲಿ ಬಳಸುವ ನೀರೂ ಕೊಳೆನೀರೂ ಹೀಗೇ ಅಕ್ಕಪಕ್ಕ ಇರುತ್ತವೆ. ಸಂಪು ಖಾಲಿ ಮಾಡಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆಸಿ, ಟ್ಯಾಂಕರ್ ನೀರು ತರಿಸಿದೆವು. ವಾಪಸ್ ಬರುವ ನೀರು ತಡೆಯಲು ವಾಲ್ವ್ ಹಾಕಿಸಿ ಎನ್ನುತ್ತಾರೆ. ಹಾಕಿಸುತ್ತೇವೆ. ಆದರೆ ಅದು ಮುಚ್ಚಿಕೊಂಡಷ್ಟು ಹೊತ್ತು ನಮ್ಮ ಮನೆ ನೀರೂ ಹೊರಗೆ ಹೋಗಲ್ಲ, ಅಲ್ವಾ?

ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ತಾರಸಿಯ ಮಳೆನೀರಿನ ಪೈಪನ್ನು ಮನೆ ಕಟ್ಟುವಾಗ ಮೇಸ್ತ್ರಿ ಇದೇ ಚೇಂಬರಿಗೆ ಸೇರಿಸಿದ್ದ. ಈಗ ಬಿಡಿಸಿದ್ದೇವೆ. ಆದರೆ ಬೀದಿಯಲ್ಲಿ ಎಷ್ಟೋ ಮನೆಗಳದು ಇದೇ ಕಥೆ. ನಮ್ಮ ಬೆಂಗಳೂರಿನ ಒಳಚರಂಡಿ ಹರಿಯುವುದೇ ಇಳಿಜಾರಿನ ಮೇಲೆ. ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ, ಈ ಮೂರು ಕಣಿವೆಗಳ ಕಡೆಗೆ. ನಾವು ವೃಷಭಾವತಿ ಕಡೆಯ ಇಳಿಜಾರಿನ ತಗ್ಗಿನಲ್ಲಿದ್ದೇವೆ. ಕೊಳೆನೀರಿಗೆಂದು ಹಾಕಿದ ಪೈಪಿಗೆ ಮೇಲಿನ ಬೀದಿಗಳ ಮಳೆನೀರೂ ಸೇರಿದರೆ, ಅದು ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಚ್ಚಲನ್ನೇ ಹುಡುಕಿಕೊಂಡು ಬರುತ್ತದೆ.

ಎರಡನೇ ದಿನ ಯಾರೋ ಒಬ್ಬ ಹುಡುಗನನ್ನು ಕರೆತಂದರು. ಪಕ್ಕದ ಬೀದಿಯ ಮ್ಯಾನ್‌ಹೋಲಿಗೆ ಇಳಿದು ಬ್ಲಾಕ್ ತೆಗೆಯುತ್ತೇನೆ, ಮೂರು ಸಾವಿರ ಕೊಡಿ ಎಂದ. ಇಬ್ಬರು ಜೇಬಿಗೆ ಕೈ ಹಾಕಿಯೂ ಆಗಿತ್ತು. ನಾನು ಜಗಳ ಮಾಡಿ ನಿಲ್ಲಿಸಿದೆ. ಹಾಗೆ ಸುಮ್ನೆ ಬರಿಮೈಯಲ್ಲಿ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಹುಡುಗನಿಗೆ ಇದೇನೂ ಗೊತ್ತಿರಲಿಲ್ಲ. ಕಚೇರಿಯವರು ಮೊದಲ ದಿನವೇ ಬಂದಿದ್ದರೆ ಅವನನ್ನು ಯಾರೂ ಕರೆಯುತ್ತಲೂ ಇರಲಿಲ್ಲ.

ಮೂರನೇ ದಿನ ಜೆಟ್ಟಿಂಗ್ ಮಷಿನ್ ಬಂತು. ಅದೇ ಮ್ಯಾನ್‌ಹೋಲಿನಿಂದ ಪೈಪು ಬಿಟ್ಟು ನೀರು ಹೊಡೆದರು. ಚೇಂಬರಿನ ನೀರು ಇಳಿಯಿತು. ಹತ್ತೇ ದಿನಕ್ಕೆ ಮತ್ತೆ ಗುಳುಗುಳು. ನಮ್ಮ ಬೀದಿಯದು ಹಳೇ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪು, ಮೇಲೆ ದೊಡ್ಡ ಹೊಂಗೆ ಮರ. ಜಾಯಿಂಟಿನಲ್ಲಿ ಬೇರು ಹೊಕ್ಕಿದೆಯೋ, ಪೈಪೇ ಒಡೆದು ಕುಸಿದಿದೆಯೋ ಜೆಟ್ಟಿಂಗ್ ಹೇಳುವುದಿಲ್ಲ. ಕ್ಯಾಮೆರಾ ಹೇಳುತ್ತದೆ. ಜೆಟ್ಟಿಂಗ್ ಮಾಡಿದ ಮೇಲೆ ಚಕ್ರದ ಸಣ್ಣ ಕ್ಯಾಮೆರಾವನ್ನು ಒಳಗೆ ಬಿಟ್ಟರೆ, ಎಷ್ಟನೇ ಮೀಟರಿನಲ್ಲಿ ಏನಾಗಿದೆ ಎಂದು ಮೇಲೆ ಪರದೆಯಲ್ಲಿ ಕಾಣುತ್ತದೆ. ಅಷ್ಟೇ ಜಾಗ ಅಗೆದರೆ ಸಾಕು. ರಸ್ತೆ ಉದ್ದಕ್ಕೂ ಅಗೆದು ಆರು ತಿಂಗಳು ಬಿಡುವುದು ನಮಗೆ ಸಾಕಾಗಿದೆ.

ನನ್ನ ಬೇಡಿಕೆ ಇಷ್ಟೇ. "ನಿಮ್ಮ ಪೈಪಿನದೇ ತಪ್ಪು" ಎನ್ನುವ ಮೊದಲು ಕ್ಯಾಮೆರಾ ಬಿಟ್ಟು ನೋಡಲಿ. ಆ ವಿಡಿಯೊ ಮನೆಯವರಿಗೂ ಕೊಡಲಿ. ತಪ್ಪು ನಮ್ಮ ಪೈಪಿನದಾದರೆ ನಮ್ಮ ದುಡ್ಡಿನಲ್ಲೇ ಸರಿ ಮಾಡಿಸುತ್ತೇವೆ.

ಆದರೆ ಕ್ಯಾಮೆರಾ ಇಳಿಸಲು ಮುಚ್ಚಳ ಬೇಕು. ಹೋದ ವರ್ಷ ರಸ್ತೆಗೆ ಡಾಂಬರು ಹಾಕಿದವರು ಅದರ ಮೇಲೂ ಹಾಕಿ ಹೋದರು. ಅದು ಎಲ್ಲಿತ್ತೆಂದು ಕಚೇರಿಯವರು ನನ್ನನ್ನೇ ಕೇಳಿದರು. ಮಗ ಸೈಕಲ್ ಕಲಿಯುವಾಗ ತೆಗೆದ ಹಳೇ ಫೋಟೊದಲ್ಲಿ ಸಿಕ್ಕಿತು: ಲೈಟುಕಂಬದ ನೇರಕ್ಕೆ, ನಮ್ಮ ಗೇಟಿನಿಂದ ಒಂಬತ್ತು ಹೆಜ್ಜೆ. ಈಗ ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿದ ಮೇಲೆ, ಅಲ್ಲಿಗೂ ಹೋಗಿ ಅದೇ ಪುಡಿಯಲ್ಲಿ ಒಂದು ಗುಂಡನೆಯ ಗುರುತು ಬರೆಯುತ್ತೇನೆ. ಇಂಜಿನಿಯರನ್ನು ಕಳಿಸಿದರೆ ಅಲ್ಲೇ ಅಗೆಯಲು ಹೇಳಿ. ಎಂಟು ಗಂಟೆಯೊಳಗೆ ಬರಲಿ. ಆಮೇಲೆ ಸ್ಕೂಲ್ ವ್ಯಾನುಗಳು ಓಡಾಡಿ ಅಳಿಸಿಹೋಗುತ್ತದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಗೃಹಿಣಿ