ಥಾಯ್ ಚೀನೀ ಭಾಷೆಯ ನೆಂಟನಲ್ಲ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಏಷ್ಯಾದ ಭಾಷೆಗಳ ಲೇಖನ ಓದಿದೆ. ಜೊತೆಗಿದ್ದ ಚಿತ್ರದಲ್ಲಿ ಚೀನೀ, ಟಿಬೆಟನ್, ಬರ್ಮೀಸ್ ಪಕ್ಕದಲ್ಲೇ ಥಾಯ್ ಭಾಷೆಯನ್ನೂ ಸಿನೋ-ಟಿಬೆಟನ್ ಎಂಬ ಭಾಷಾ ಕುಟುಂಬದ ಮರಕ್ಕೆ ನೇತುಹಾಕಿದ್ದೀರಿ. ಇದು ಹಳೇ ಲೆಕ್ಕ. ಅಮೆರಿಕದ ಭಾಷಾ ವಿದ್ವಾಂಸ ಪಾಲ್ ಬೆನೆಡಿಕ್ಟ್ 1942ರಲ್ಲೇ ಥಾಯ್ ಭಾಷೆಯನ್ನು ಅಲ್ಲಿಂದ ಹೊರಗಿಟ್ಟಿದ್ದರು. ಚೀನಾದ ಕೆಲವು ವಿದ್ವಾಂಸರು ಈಗಲೂ ಸೇರಿಸುತ್ತಾರೆ, ಆ ಮಾತು ಬೇರೆ.

ಯಾರಿಗಾದರೂ ಮೋಸವಾಗುವಂಥದ್ದೇ. ಮೂರಕ್ಕೆ ಮ್ಯಾಂಡರಿನ್ ಚೀನೀಯಲ್ಲಿ 'ಸಾನ್', ಥಾಯ್‌ನಲ್ಲಿ 'ಸಾಮ್'. ಎರಡರಲ್ಲೂ ರಾಗ, ಅಂದರೆ ಉಚ್ಚಾರದ ಏರಿಳಿತ, ಬದಲಾದರೆ ಪದದ ಅರ್ಥವೇ ಬದಲು. ಇನ್ನೇನು ಬೇಕು, ಅಲ್ವಾ? ಆದರೆ ಆ ಅಂಕಿಗಳನ್ನು ಥಾಯ್ ಜನ ಚೀನೀ ಭಾಷೆಯಿಂದ ಕಡ ತಂದಿದ್ದು. ನಾವೂ ಸಂಸ್ಕೃತದ ಸಹಸ್ರವನ್ನು 'ಸಾವಿರ' ಮಾಡಿಕೊಂಡು ದಿನಾ ಎಣಿಸುತ್ತೇವೆ. ಹಾಗಂತ ಕನ್ನಡ ಸಂಸ್ಕೃತದ ಮಗಳಾಗಲಿಲ್ಲ. ರಾಗವನ್ನಂತೂ ನಂಬಲೇಬಾರದು. ಒಂದೇ ನುಡಿಯೊಳಗೇ ನೋಡಿ: ಲಾಸಾದ ಟಿಬೆಟನ್‌ನಲ್ಲಿ ಅದಿದೆ, ಅಮ್ದೋ ಕಡೆಯ ಟಿಬೆಟನ್‌ನಲ್ಲಿ ಇಲ್ಲ.

ನಮ್ಮೂರ ಪಕ್ಕದ ಬೈಲಕುಪ್ಪೆಯಲ್ಲಿ ಸ್ವೆಟರ್ ಮಾರುವ ಟಿಬೆಟನ್ ಅಜ್ಜಿ ನೋಟು ಎಣಿಸುವುದನ್ನು ಕೇಳಬೇಕು: ಚಿಕ್, ಞಿ, ಸುಮ್, ಶಿ, ಙ. ಐದಕ್ಕೆ 'ಙ'! ಬರ್ಮೀಸ್‌ನಲ್ಲೂ 'ಙಾ', ಮಣಿಪುರಿಯಲ್ಲಿ 'ಮಙಾ', ದಕ್ಷಿಣ ಚೀನಾದ ಚೀನೀ ನುಡಿ ಕ್ಯಾಂಟನೀಸ್‌ನಲ್ಲಿ ಸ್ವರವೂ ಉದುರಿ ಬರೀ 'ಙ್'. 'ನಾನು' ಅನ್ನುವುದಕ್ಕೂ ಟಿಬೆಟನ್‌ನಲ್ಲಿ 'ಙ', ಬರ್ಮೀಸ್‌ನಲ್ಲಿ 'ಙಾ'. ನಮ್ಮ ವರ್ಣಮಾಲೆಯಲ್ಲಿ ಸುಮ್ನೆ ಕೂತಿರುವ ಅಕ್ಷರ ಅಲ್ಲಿ ದಿನವಿಡೀ ದುಡಿಯುತ್ತದೆ. ಅಂಕಿ ಮಾತ್ರ ಹೊಂದಿದರೆ ಸಾಲದು. ಮನೆಮಾತಿನ ಪದಗಳಲ್ಲೂ ಸದ್ದುಗಳು ಒಂದೇ ನಿಯಮದಲ್ಲಿ ಮತ್ತೆ ಮತ್ತೆ ಕೂಡಿ ಬರಬೇಕು. ಕಣ್ಣಿಗೆ ಟಿಬೆಟನ್‌ನಲ್ಲಿ 'ಮಿಕ್', ಮಣಿಪುರಿಯಲ್ಲಿ 'ಮಿತ್'. ಥಾಯ್‌ನಲ್ಲಿ? 'ತಾ'. ಅಲ್ಲಿಗೆ ನೆಂಟಸ್ತಿಕೆ ಮುಗಿಯಿತು.

ಇನ್ನೊಂದು ತಕರಾರು. ನಿಮ್ಮ ಮರದಲ್ಲಿ ಎರಡೇ ಕೊಂಬೆ: ಚೀನೀ ಒಂದು, ಉಳಿದ ನೂರಾರು ಭಾಷೆಗಳೆಲ್ಲ ಸೇರಿ ಟಿಬೆಟೋ-ಬರ್ಮನ್ ಇನ್ನೊಂದು. ಇದು ಇತ್ಯರ್ಥವಾದ ವಿಷಯವಲ್ಲ. ಹಿಮಾಲಯದ ಭಾಷೆಗಳಲ್ಲೇ ಮುಳುಗಿರುವ ಭಾಷಾ ವಿದ್ವಾಂಸ ಜಾರ್ಜ್ ವಾನ್ ಡ್ರೀಮ್ ಇದನ್ನು ಒಪ್ಪುವುದಿಲ್ಲ. ಸುಮಾರು 40 ಗುಂಪುಗಳು ಉದುರಿದ ಎಲೆಗಳ ಹಾಗೆ ಕೆಳಗೆ ಬಿದ್ದಿವೆ, ಯಾವುದು ಯಾವ ಕೊಂಬೆಯದು ಅಂತ ಆಮೇಲೆ ನೋಡೋಣ ಅನ್ನುವುದು ಅವರ ವಾದ. 2019ರಲ್ಲಿ ಎರಡು ತಂಡಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಚೀನೀ ಭಾಷೆಯೇ ಮೊದಲು ಕವಲೊಡೆಯಿತು ಎಂದವು. ಯಾವಾಗ ಅಂದರೆ ಒಂದು ತಂಡ ಸುಮಾರು 5,900 ವರ್ಷಗಳ ಹಿಂದೆ ಅಂದಿತು, ಇನ್ನೊಂದು 7,200 ಅಂದಿತು.

ದಯವಿಟ್ಟು ಮುಂದಿನ ವಾರ ಚಿತ್ರ ತಿದ್ದಿ ಹಾಕಿ. ನನ್ನ ಮೊಮ್ಮಗಳು ಹಳೆಯದನ್ನು ಆಗಲೇ ಕತ್ತರಿಸಿ ಶಾಲೆಯ ಪ್ರಾಜೆಕ್ಟ್‌ಗೆ ಅಂಟಿಸಿಬಿಟ್ಟಿದ್ದಾಳೆ.

– ಓದುಗ, ಕುಶಾಲನಗರ